ಸಾಯಲು ರಜೆ ಮಂಜೂರಾಗಿಲ್ಲ

1983ರಲ್ಲಿ ಒಬ್ಬ ಮುದುಕ ಸತ್ತ. ಸುಮ್ನೆ ಸಾಯಲಿಲ್ಲ. ಅವನ ಬಲಗೈ ಬಂಟನೇ (ಆ ಬಂಟನ ಬಲಗೈ ಆಗಷ್ಟೇ ಕತ್ತರಿಸಿ ಹೋಗಿತ್ತು, ಅದು ಬೇರೆ ಮಾತು) ಅವನನ್ನು ಎತ್ತಿ ತಳ ಕಾಣದ ಗುಂಡಿಗೆ ಎಸೆದ. ಮುದುಕ ಕೆಳಗೆ ಬಿದ್ದು ಸಿಡಿದ. ಸ್ವಲ್ಪ ಹೊತ್ತಿಗೆ ಆ ಗುಂಡಿ ಇದ್ದ ಇಡೀ ಕೋಟೆಯೂ ಸಿಡಿದು ಆಕಾಶದ ತುಂಬ ಚೂರಾಯಿತು. ಕಾಡಿನಲ್ಲಿ ಕರಡಿಮರಿಯಂಥ ಜೀವಿಗಳು ಕುಣಿದವು. ಸ್ಟಾರ್ ವಾರ್ಸ್ ಮುಗಿಯಿತು, ದುಷ್ಟ ಚಕ್ರವರ್ತಿ ಪ್ಯಾಲ್ಪಟೀನ್‌ನ ಕಾಟ ತಪ್ಪಿತು ಅಂದುಕೊಂಡು ಎಲ್ಲರೂ ಎದ್ದು ಮನೆಗೆ ಹೋದರು.

2019ರಲ್ಲಿ ಆತ ವಾಪಸ್ ಬಂದ.

ಹೇಗೆ ಬಂದ? ಚಿತ್ರದಲ್ಲಿ ಒಬ್ಬ ಪೈಲಟ್ ಇದಕ್ಕೆ ಉತ್ತರ ಕೊಡುತ್ತಾನೆ. ಹೇಗೋ ಬಂದಿದ್ದಾನೆ ಅನ್ನುತ್ತಾನೆ. 36 ವರ್ಷ ಕಾದವರ ಕೈಗೆ ಸಿಕ್ಕಿದ್ದು ಒಂದು 'ಹೇಗೋ'. ನಾನೂ ಜೀವನದಲ್ಲಿ ಬೇಕಾದಷ್ಟು ಸುಳ್ಳು ಹೇಳಿದ್ದೇನೆ. ಹೋಂವರ್ಕ್ ಯಾಕೆ ಮಾಡಿಲ್ಲ ಅಂದಾಗ ಹೇಳಿದ್ದೇನೆ, ಆಫೀಸಿಗೆ ಯಾಕೆ ತಡ ಅಂದಾಗ ಹೇಳಿದ್ದೇನೆ. ಆದರೆ ಬಾಸ್ ಮುಂದೆ ನಿಂತು 'ಹೇಗೋ ತಡ ಆಯ್ತು ಸಾರ್' ಅನ್ನುವ ಎದೆಗಾರಿಕೆ ಇವತ್ತಿಗೂ ಬಂದಿಲ್ಲ. ಅದಕ್ಕೆಲ್ಲ ಬೆನ್ನ ಹಿಂದೆ ದೊಡ್ಡ ದುಡ್ಡು ಇರಬೇಕು. 2012ರಲ್ಲಿ ಡಿಸ್ನಿ ಸುಮಾರು 400 ಕೋಟಿ ಡಾಲರ್ ಕೊಟ್ಟು ಸ್ಟಾರ್ ವಾರ್ಸ್ ತೆಗೆಯುವ ಲ್ಯೂಕಾಸ್‌ಫಿಲ್ಮ್ ಕಂಪನಿಯನ್ನು ಕೊಂಡಿತ್ತು. ಅಷ್ಟು ದುಡ್ಡು ಸುರಿದವರು ಯಾರನ್ನಾದರೂ ಸುಮ್ನೆ ಸತ್ತುಕೊಂಡಿರಲು ಬಿಡ್ತಾರಾ? ಇನ್ನೂ ಒಂದು ಚೆಂದ ಇದೆ. ಚಕ್ರವರ್ತಿ ತಾನು ಬಂದಿದ್ದೇನೆ ಎಂದು ಇಡೀ ಬ್ರಹ್ಮಾಂಡಕ್ಕೆ ಸಾರುವ ಸಂದೇಶ ಮೊದಲು ಕೇಳಿಸಿದ್ದು ಚಿತ್ರದಲ್ಲಲ್ಲ, ಫೋರ್ಟ್‌ನೈಟ್ ಅನ್ನೋ ವಿಡಿಯೋ ಗೇಮಿನಲ್ಲಿ. ಆ ಗೇಮ್ ಆಡದವನಿಗೆ ಬ್ರಹ್ಮಾಂಡದ ಸುದ್ದಿ ತಿಳಿಯಲೇ ಇಲ್ಲ.

ಹೀಗಾಗಿ ಮುಗಿಯದ ಸಿನಿಮಾ ಸರಣಿಗಳ ಈ ಲೋಕದ ಸೇವಾ ನಿಯಮಗಳನ್ನು ನಾನು ಈಗ ಅರ್ಥ ಮಾಡಿಕೊಂಡಿದ್ದೇನೆ. ಇಲ್ಲಿ ಸಾವು ಅಂದರೆ ಸಂಬಳವಿಲ್ಲದ ರಜೆ. ಹೆಣಕ್ಕೆ ಯಾವಾಗ ಬೇಕಾದರೂ ಫೋನ್ ಬರಬಹುದು: 'ಸ್ವಾಮಿ, ಸೋಮವಾರದಿಂದ ಡ್ಯೂಟಿಗೆ ಬನ್ನಿ.'

ಫಾಸ್ಟ್ ಅಂಡ್ ಫ್ಯೂರಿಯಸ್‌ನ ಹ್ಯಾನ್ ಅನ್ನುವವನ ಕಡತ ನೋಡಿ. ಮೂರನೇ ಚಿತ್ರದಲ್ಲಿ, 2006ರಲ್ಲಿ, ಟೋಕಿಯೋದಲ್ಲಿ ಕಾರು ಸ್ಫೋಟಗೊಂಡು ಸತ್ತ. ಆದರೆ ಜನಕ್ಕೆ ಅವನು ಇಷ್ಟ ಆಗಿಬಿಟ್ಟಿದ್ದ. ಈಗೇನು ಮಾಡೋದು? ನಾಲ್ಕು, ಐದು ಮತ್ತು ಆರನೇ ಚಿತ್ರಗಳನ್ನು ಮೂರನೆಯದಕ್ಕಿಂತ ಮೊದಲೇ ನಡೆದ ಕಥೆ ಅಂತ ಹೇಳಿದರು. ಒಬ್ಬನ ಹಾಜರಿಗಾಗಿ ಕಾಲವನ್ನೇ ಹಿಂದಕ್ಕೆ ತಳ್ಳಿದರು. ಆರನೆಯದರ ಕೊನೆಯಲ್ಲಿ ಅವನು ಮತ್ತೆ ಅದೇ ಸಾವನ್ನು ಸತ್ತ. 2021ರಲ್ಲಿ ಒಂಬತ್ತನೆಯದು ಬಂದಾಗ ಬಾಗಿಲು ತೆರೆದು ಒಳಗೆ ಬಂದ. ಸತ್ತಿದ್ದು ನಾಟಕವಂತೆ. ಅವನಿಗೂ ಮೊದಲು ಲೆಟಿ ಅನ್ನುವವಳು ಸತ್ತು, ಎರಡು ಚಿತ್ರಗಳ ನಂತರ ನೆನಪು ಕಳೆದುಕೊಂಡು ಬಂದಿದ್ದಳು. ಪಾಪ, ಅವಳೊಬ್ಬಳಿಗೇ ನೆನಪು ಹೋಗಿದ್ದು. ನಮಗೆಲ್ಲ ಎಲ್ಲವೂ ನೆನಪಿದೆ, ಅದೇ ತೊಂದರೆ.

ಇದೇ ಗುಂಪಿನ ಬಡ್ತಿಯ ಕಥೆಯನ್ನೂ ಹೇಳಬೇಕು. 2001ರ ಮೊದಲ ಚಿತ್ರದಲ್ಲಿ ಇವರು ಹೆದ್ದಾರಿಯಲ್ಲಿ ಲಾರಿ ಅಡ್ಡಗಟ್ಟಿ ಡಿವಿಡಿ ಪ್ಲೇಯರ್ ಕದಿಯುತ್ತಿದ್ದ ಕಳ್ಳರು. ಇಪ್ಪತ್ತು ವರ್ಷದ ನಂತರ ಅದೇ ಗುಂಪಿನ ಇಬ್ಬರು ಕಾರಿಗೆ ರಾಕೆಟ್ ಕಟ್ಟಿಕೊಂಡು ಬಾಹ್ಯಾಕಾಶಕ್ಕೆ ಹೋದರು. ಯಾವ ಇಲಾಖೆಯಲ್ಲೂ ಇಂಥ ಬಡ್ತಿ ಇಲ್ಲ. ಆದರೆ ಅವರನ್ನೂ ಪೂರ್ತಿ ಬೈಯುವ ಹಾಗಿಲ್ಲ. ಕದಿಯಲು ಈಗ ಡಿವಿಡಿ ಪ್ಲೇಯರ್‌ಗಳೇ ಇಲ್ಲವಲ್ಲ.

ಸಾವಿಗೆ ರಜೆ ಸಿಗದಿದ್ದರೆ ಹೋಗಲಿ, ನೋವಿಗೂ ರಜೆ ಸಿಗುತ್ತಿಲ್ಲ ಅನ್ನುವುದು ನನ್ನ ನಿಜವಾದ ದೂರು. ಡೈ ಹಾರ್ಡ್ 1988ರಲ್ಲಿ ಬಂದಾಗ ಅದರ ನಾಯಕ ಬರಿಗಾಲಲ್ಲಿ ಒಡೆದ ಗಾಜಿನ ಮೇಲೆ ಓಡಿದ. ಆಮೇಲೆ ಬಾತ್‌ರೂಮಿನಲ್ಲಿ ಕೂತು ಪಾದದಿಂದ ಚೂರುಗಳನ್ನು ಒಂದೊಂದಾಗಿ ಕಿತ್ತ. ನೋಡುತ್ತಿದ್ದ ನಾನು ಕುರ್ಚಿಯ ಮೇಲೆ ಕಾಲು ಮಡಿಸಿ ಕೂತಿದ್ದೆ. ನಾಲ್ಕನೆಯ ಚಿತ್ರ 2007ರಲ್ಲಿ ಬಂತು. ಆ ಹೊತ್ತಿಗೆ ಅದೇ ಮನುಷ್ಯ ಹಾರುವ ಯುದ್ಧ ವಿಮಾನದ ಮೇಲೆ ಬಿದ್ದು, ಅಲ್ಲಿಂದ ಜಾರಿಕೊಂಡು ಇಳಿದು, ಎದ್ದು ನಡೆದ. ನಾನು ಕಾಲು ಚಾಚಿ ಕೂತು ಆಕಳಿಸಿದೆ. ಗಾಜಿನ ಚೂರಿಗೆ ಹೆದರುತ್ತಿದ್ದವನಿಗೆ ವಿಮಾನದ ಭಯ ಹೋದ ಕ್ಷಣವೇ ನನ್ನ ಭಯವೂ ಹೋಯಿತು. ಇಂಡಿಯಾನಾ ಜೋನ್ಸ್ ಕಥೆಯೂ ಇದೇ. ಹಾವು ಕಂಡರೆ ಬೆವರುತ್ತಿದ್ದ ಪ್ರೊಫೆಸರ್ 2008ರಲ್ಲಿ ಅಣುಬಾಂಬ್ ಸ್ಫೋಟದಿಂದ ಫ್ರಿಜ್‌ನೊಳಗೆ ಕೂತು ಪಾರಾದರು. ಫ್ರಿಜ್ ಆಕಾಶದಲ್ಲಿ ಹಾರಿ, ನೆಲಕ್ಕೆ ಬಿದ್ದು ಉರುಳಿತು. ಬಾಗಿಲು ತೆರೆದುಕೊಂಡು ಹೊರಗೆ ಬಂದರು. ನಮ್ಮ ಫ್ರಿಜ್‌ನಲ್ಲಿ ಇಟ್ಟ ಟೊಮೇಟೊ ಒಂದು ವಾರ ತಾಳುವುದಿಲ್ಲ.

ಶಾರ್ಕ್ ಮೀನಿನ ಪಾಡು ಕೇಳಿದರೆ ಕರುಳು ಚುರ್ ಅನ್ನುತ್ತದೆ. 1975ರ ಜಾಸ್ ಚಿತ್ರಕ್ಕೆ ಮಾಡಿಸಿದ್ದ ಯಂತ್ರದ ಶಾರ್ಕ್ ಉಪ್ಪುನೀರಿಗೆ ಇಳಿದರೆ ಕೆಟ್ಟು ನಿಲ್ಲುತ್ತಿತ್ತು. ಬೇರೆ ದಾರಿ ಕಾಣದೆ ಸ್ಪೀಲ್‌ಬರ್ಗ್ ಅದನ್ನು ಆದಷ್ಟು ಮರೆಯಲ್ಲೇ ಇಟ್ಟರು. ನೀರು, ಸಂಗೀತ, ತೇಲುವ ಪೀಪಾಯಿ ಇಷ್ಟರಲ್ಲೇ ಜನ ಸಮುದ್ರಕ್ಕೆ ಇಳಿಯಲು ಹೆದರಿದರು. ಕೆಟ್ಟ ಯಂತ್ರ ಒಳ್ಳೆಯ ಸಿನಿಮಾ ಕೊಟ್ಟಿತು. 1987ರ ನಾಲ್ಕನೆಯ ಚಿತ್ರದ ಹೊತ್ತಿಗೆ ಶಾರ್ಕ್ ಬೇಕಾದಷ್ಟು ಹೊತ್ತು ಕಾಣಿಸಿತು, ಗರ್ಜಿಸಿತು ಕೂಡ. ಮೀನು, ಗರ್ಜನೆ! ಅದಕ್ಕೆ ಒಂದು ಕುಟುಂಬದ ಮೇಲೆ ಹಗೆ. ಆ ಮನೆಯವರು ಊರು ಬಿಟ್ಟು ದೂರದ ಬಹಾಮಾಸ್‌ಗೆ ಹೋದರೆ ಅಲ್ಲಿಗೂ ಹಿಂಬಾಲಿಸಿತು. ನಾನು ಮನೆ ಬದಲಿಸಿದರೆ ಕೊರಿಯರ್ ಹುಡುಗನಿಗೆ ವಿಳಾಸ ಸಿಗಲ್ಲ, ಈ ಮೀನಿಗೆ ಹೇಗೆ ಸಿಕ್ಕಿತೋ. ಚಿತ್ರದಲ್ಲಿ ನಟಿಸಿದ ಮೈಕೆಲ್ ಕೇನ್‌ಗೆ ಬೇರೊಂದು ಚಿತ್ರಕ್ಕೆ ಬಂದ ಆಸ್ಕರ್ ಪ್ರಶಸ್ತಿ ತೆಗೆದುಕೊಳ್ಳಲು ಹೋಗಲಾಗಲಿಲ್ಲ, ಯಾಕೆಂದರೆ ಇದೇ ಮೀನಿನ ಶೂಟಿಂಗ್ ಇತ್ತು. ಮುಂದೆ ಅವರನ್ನು ಆ ಚಿತ್ರದ ಬಗ್ಗೆ ಕೇಳಿದಾಗ, ಚಿತ್ರ ನೋಡಿಲ್ಲ, ಆದರೆ ಆ ದುಡ್ಡಲ್ಲಿ ಕಟ್ಟಿಸಿದ ಮನೆ ನೋಡಿದ್ದೇನೆ, ಚೆನ್ನಾಗಿದೆ ಅಂದರು. ಸಿನಿಮಾ ವಿಮರ್ಶೆ ಅಂದ್ರೆ ಇದು.

ಶಾರ್ಕಿಗೂ ಕುಸಿತಕ್ಕೂ ಏನೋ ಹಳೇ ನಂಟು ಇದ್ದಂತಿದೆ. ಅಮೆರಿಕದ ಹ್ಯಾಪಿ ಡೇಸ್ ಧಾರಾವಾಹಿಯಲ್ಲಿ 1977ರಲ್ಲಿ ಒಬ್ಬ ನಾಯಕ ಲೆದರ್ ಜಾಕೆಟ್ ಹಾಕಿಕೊಂಡು ವಾಟರ್ ಸ್ಕೀ ಮೇಲೆ ಶಾರ್ಕನ್ನು ದಾಟಿ ಹಾರಿದ. ಒಳ್ಳೆಯ ಧಾರಾವಾಹಿ ಕೆಟ್ಟುಹೋಗುವುದಕ್ಕೆ ಇಂಗ್ಲಿಷಿನವರು ಇವತ್ತಿಗೂ 'ಶಾರ್ಕ್ ಹಾರುವುದು' ಅಂತಲೇ ಹೇಳುತ್ತಾರೆ. ಧಾರಾವಾಹಿ ಅಲ್ಲಿಗೆ ನಿಂತಿತು ಅಂದುಕೊಂಡಿರಾ? 1984ರ ತನಕ ಓಡಿತು.

ಕೆಲವರು ನಿಲ್ಲಿಸುತ್ತೇವೆ ಅಂತಾರೆ. ಅವರನ್ನು ನಂಬಲೇಬಾರದು. 'ಫ್ರೈಡೇ ದಿ ಥರ್ಟೀನ್ತ್' ಸರಣಿಯ ನಾಲ್ಕನೆಯ ಚಿತ್ರ 1984ರಲ್ಲಿ ಬಂತು, ಅದರ ಹೆಸರಲ್ಲೇ ಕೊನೆಯ ಅಧ್ಯಾಯ ಅಂತಿತ್ತು. ಮುಂದಿನ ವರ್ಷವೇ ಐದನೆಯದು ಬಂತು, ಹೆಸರು ಹೊಸ ಆರಂಭ. 1993ರಲ್ಲಿ ಮತ್ತೊಮ್ಮೆ ಕೊನೆಯ ಶುಕ್ರವಾರ. ಅದಾದ ಮೇಲೆ ಆ ಸರಣಿಯ ಮುಖವಾಡದ ಕೊಲೆಗಾರ ಬಾಹ್ಯಾಕಾಶಕ್ಕೆ ಹೋದ. ಕಥೆ ಖಾಲಿಯಾದವರೆಲ್ಲ ಯಾಕೋ ಮೇಲಕ್ಕೇ ಹೋಗುತ್ತಾರೆ.

ಕೊನೆಯನ್ನು ಎಳೆಯುವುದಕ್ಕೆ ಇನ್ನೊಂದು ಉಪಾಯ ಇದೆ, ಕತ್ತರಿಸಿ ಮಾರುವುದು. ಸುಮಾರು 300 ಪುಟದ ಹಾಬಿಟ್ ಪುಸ್ತಕ ಮೂರು ಚಿತ್ರವಾಯಿತು, ಹೆಚ್ಚುಕಮ್ಮಿ ಎಂಟು ಗಂಟೆ. ಡೈವರ್ಜೆಂಟ್ ಸರಣಿಯವರೂ ಆಸೆಪಟ್ಟು ಕೊನೆಯ ಪುಸ್ತಕವನ್ನು ಎರಡು ಚಿತ್ರ ಮಾಡಲು ಹೊರಟರು. 2016ರಲ್ಲಿ ಮೊದಲ ತುಂಡು ಬಂತು, ಜನ ಬರಲಿಲ್ಲ. ಎರಡನೇ ತುಂಡು ಬರಲೇ ಇಲ್ಲ. ನಿಯತ್ತಾಗಿ ಹೋಗಿ ನೋಡಿದ ಕೆಲವರು ಇಂದಿಗೂ ಕಥೆಯ ನಡುವೆ ನೇತಾಡುತ್ತಿದ್ದಾರೆ.

ಇದಕ್ಕೆ ತದ್ವಿರುದ್ಧ ಗೇಮ್ ಆಫ್ ಥ್ರೋನ್ಸ್ ಧಾರಾವಾಹಿ, ಅಲ್ಲಿ ಕೊನೆಯನ್ನು ಅವಸರದಲ್ಲಿ ಮುಗಿಸಿದರು. ಎಂಟು ಸೀಸನ್, ಕೊನೆಯದರಲ್ಲಿ ಆರೇ ಎಪಿಸೋಡ್. ಮೊದಲೆಲ್ಲ ಒಂದು ಊರಿಂದ ಇನ್ನೊಂದು ಊರಿಗೆ ಕುದುರೆ ಮೇಲೆ ಹೋಗಲು ಎಪಿಸೋಡುಗಳೇ ಬೇಕಿತ್ತು. ದಾರಿಯಲ್ಲಿ ಇಬ್ಬರು ಜಗಳವಾಡಿ, ರಾಜಿಯಾಗಿ, ಒಬ್ಬರ ಗುಟ್ಟು ಇನ್ನೊಬ್ಬರಿಗೆ ಗೊತ್ತಾಗುತ್ತಿತ್ತು. ರುಚಿ ಇದ್ದಿದ್ದೇ ಅಲ್ಲಿ. ಕೊನೆಗೆ ಕಣ್ಣು ಮಿಟುಕಿಸುವುದರಲ್ಲಿ ಸೇನೆಗಳು ಖಂಡದ ಈ ತುದಿಯಿಂದ ಆ ತುದಿ ತಲುಪಿದವು. ಒಂದು ಡ್ರ್ಯಾಗನ್ ಶತ್ರುವಿನ ಹಡಗುಗಳ ಬಾಣಕ್ಕೆ ಬಲಿಯಾಯಿತು. ಇನ್ನೊಂದು ಡ್ರ್ಯಾಗನ್ ಏರಿ ಆಕಾಶದಲ್ಲಿ ಹಾರುತ್ತಿದ್ದ ರಾಣಿಗೆ ಇಡೀ ಹಡಗುಪಡೆ ಯಾಕೆ ಕಾಣಲಿಲ್ಲ ಅಂದರೆ, ಆಕೆ ಅದನ್ನು ಮರೆತುಬಿಟ್ಟಿದ್ದಳು ಎಂದು ಬರೆದವರೇ ವಿವರಣೆ ಕೊಟ್ಟರು. ಅದೇ ಎಪಿಸೋಡಿನಲ್ಲಿ ಔತಣದ ಮೇಜಿನ ಮೇಲೆ ಇಂದಿನ ಕಾಫಿ ಲೋಟವೂ ಕಾಣಿಸಿತು. ಅದನ್ನು ಯಾರು ಮರೆತರೋ. ಸೀಸನ್ ಪೂರ್ತಿ ಮತ್ತೆ ಮಾಡಿ ಅಂತ ಹತ್ತು ಲಕ್ಷಕ್ಕೂ ಹೆಚ್ಚು ಜನ ಆನ್‌ಲೈನ್ ಮನವಿಗೆ ಸಹಿ ಹಾಕಿದರು. ನಾನೂ ಹಾಕಿದೆ. ಮನೆಯ ಮುಂದಿನ ರಸ್ತೆ ಗುಂಡಿಯ ಮನವಿಗೆ ಹಾಕಿರಲಿಲ್ಲ.

ಸಿಂಪ್ಸನ್ಸ್ ಅನ್ನುವ ಕಾರ್ಟೂನ್ ಧಾರಾವಾಹಿಯ ವಿಷಯ ಬೇಗ ಮುಗಿಸುತ್ತೇನೆ, ಅವರಂತೂ ಮುಗಿಸುವುದಿಲ್ಲ. 1989ರಿಂದ ನಡೆಯುತ್ತಿದೆ. ಅದರಲ್ಲಿನ ಮಗ ಬಾರ್ಟ್‌ಗೆ ಆಗಲೂ ಹತ್ತು ವರ್ಷ, ಈಗಲೂ ಹತ್ತು. ಲೆಕ್ಕ ಹಾಕಿದರೆ ಇಷ್ಟರಲ್ಲಿ ಮಗನೇ ಅಪ್ಪನಿಗಿಂತ ದೊಡ್ಡವನಾಗಬೇಕಿತ್ತು. ಬ್ರಿಟನ್ನಿನ ಫಾಲ್ಟಿ ಟವರ್ಸ್ ಮಾತ್ರ 1975ರಲ್ಲಿ ಆರು ಎಪಿಸೋಡ್, 1979ರಲ್ಲಿ ಆರು ಎಪಿಸೋಡ್ ಮಾಡಿ ಎದ್ದು ಹೋಯಿತು. ನನಗೆ ಅದರ ಮೇಲೆ ಕೋಪ ಇದೆ. ಬೈಯಲು ಏನೂ ಬಿಟ್ಟು ಹೋಗಿಲ್ಲ.

ಹೌದು, ಬೈಗುಳವೇ ಇಲ್ಲಿನ ಬಂಡವಾಳ. 1993ರ ಜುರಾಸಿಕ್ ಪಾರ್ಕ್ ಎರಡು ಗಂಟೆಗೂ ಮೀರಿದ ಚಿತ್ರ. ಡೈನೋಸಾರ್ ಕಾಣಿಸುವುದು ಸುಮಾರು ಕಾಲು ಗಂಟೆ. ಲೋಟದ ನೀರು ಅಲುಗಿದರೆ ಸಾಕು, ಎದೆ ನಡುಗುತ್ತಿತ್ತು. 2022ರಲ್ಲಿ ಬಂದ ಅದೇ ಸರಣಿಯ ಚಿತ್ರದಲ್ಲಿ ಎಲ್ಲ ಕಡೆ ಡೈನೋಸಾರ್. ಆದರೆ ಕಥೆ ಓಡಿದ್ದು ಮಿಡತೆಗಳ ಮೇಲೆ. ಡೈನೋಸಾರ್ ನೋಡಲು ಹೋದವರಿಗೆ ಬೆಳೆ ತಿನ್ನುವ ಮಿಡತೆ ತೋರಿಸಿದರು. ಜಗತ್ತಿನ ವಿಮರ್ಶಕರೆಲ್ಲ ಸೇರಿ ಉಗಿದರು. ಚಿತ್ರ ಗಳಿಸಿದ್ದು 100 ಕೋಟಿ ಡಾಲರ್. ಆ ಹೇಗೋ ಬಂದ ಚಕ್ರವರ್ತಿಯ ಚಿತ್ರವೂ ಅಷ್ಟನ್ನು ದಾಟಿತು. ಸ್ಟುಡಿಯೋದವರು ನಮ್ಮ ಬೈಗುಳ ಓದುವುದಿಲ್ಲ, ಎಣಿಸುತ್ತಾರೆ.

ಇದು ನಿನ್ನೆ ಮೊನ್ನೆಯ ರೋಗವೂ ಅಲ್ಲ. ಆರ್ಥರ್ ಕಾನನ್ ಡಾಯ್ಲ್‌ಗೆ ಷರ್ಲಾಕ್ ಹೋಮ್ಸ್ ಸಾಕಾಗಿಹೋಗಿ 1893ರಲ್ಲಿ ಅವನನ್ನು ಜಲಪಾತಕ್ಕೆ ತಳ್ಳಿದರು. ಓದುಗರು ಗಲಾಟೆ ಮಾಡಿದರು. ಪ್ರಕಾಶಕರು ದುಡ್ಡು ತೋರಿಸಿದರು. 1903ರಲ್ಲಿ ಹೋಮ್ಸ್ ಎದ್ದು ಬಂದ, ನಾನು ಬಿದ್ದೇ ಇರಲಿಲ್ಲ ಅಂದ. ಮುಂದೆ ಒಬ್ಬ ದೋಣಿಯವನು, ಸ್ವಾಮಿ, ಹೋಮ್ಸ್ ಬಿದ್ದಾಗ ಸತ್ತಿಲ್ಲದಿರಬಹುದು, ಆದರೆ ಆಮೇಲೆ ಅವನು ಮೊದಲಿನ ಮನುಷ್ಯನಾಗಿ ಉಳಿಯಲಿಲ್ಲ ಅಂದನಂತೆ. ಇದನ್ನು ಡಾಯ್ಲ್ ಅವರೇ ನಗುತ್ತಾ ಹೇಳಿಕೊಂಡಿದ್ದಾರೆ. ಆ ದೋಣಿಯವನೂ ಬಿಡದೆ ಎಲ್ಲ ಕಥೆ ಓದಿದ್ದ ಅನ್ನುವುದನ್ನು ಗಮನಿಸಿ.

ಇಷ್ಟು ಬರೆಯುವಷ್ಟರಲ್ಲಿ ಗೆಳೆಯನ ಫೋನ್ ಬಂತು. ಮಿಡತೆಯ ಚಿತ್ರಕ್ಕೆ ನನ್ನ ಜೊತೆ ಬಂದು, ಇಂಟರ್ವಲ್‌ನಲ್ಲೇ ಇನ್ನು ಈ ಕಡೆ ತಲೆ ಹಾಕಲ್ಲ ಅಂತ ಆಣೆ ಮಾಡಿದವನು.

"ಮುಂದಿನದು ಬರ್ತಾ ಇದೆಯಂತೆ ಕಣೋ."

"ಗೊತ್ತು. ದರಿದ್ರವಾಗಿರುತ್ತೆ."

"ಇನ್ನೇನು, ಗ್ಯಾರಂಟಿ."

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು.

"ಮೊದಲ ದಿನ ಬೇಡ," ಅಂದ. "ಸೀಟು ಮುಂದಿನ ಸಾಲಲ್ಲೇ ಸಿಗುತ್ತೆ, ಕತ್ತು ನೋವು."

"ಸರಿ," ಅಂದೆ. "ಎರಡನೇ ದಿನಕ್ಕೆ ಮಾಡು."