ಆರು ತಿಂಗಳು ನಮ್ಮ ಮನೆಯಲ್ಲಿ ರೊಟ್ಟಿ ಬಡಿಯಲಿಲ್ಲ

ನಮ್ಮ ಕಡೆ ಬೆಳಗಾದದ್ದು ಗೊತ್ತಾಗೋದೇ ರೊಟ್ಟಿ ಬಡಿಯುವ ಸಪ್ಪಳದಿಂದ. ಗದಗ ಬೆಟಗೇರಿಯ ನಮ್ಮ ಓಣಿಯಲ್ಲಿ ಏಳು ಗಂಟೆಗೆ ಹೊರಗೆ ನಿಂತರೆ ಸಾಲು ಮನೆಗಳಿಂದ ಟಪ್ ಟಪ್ ಅಂತ ಕೇಳುತ್ತಲೇ ಇರುತ್ತದೆ. 2023ರ ದೀಪಾವಳಿ ಆದ ಮೇಲೆ ಅಪ್ಪನಿಗೆ ಬಾಯಿ ಕ್ಯಾನ್ಸರ್ ಅಂತ ಗೊತ್ತಾಯಿತು. ಅದಾದ ಮೇಲೆ ಆರು ತಿಂಗಳು ನಮ್ಮ ಮನೆಯಲ್ಲಿ ಆ ಸಪ್ಪಳ ಇರಲಿಲ್ಲ. ಅದೇ ಮನೆಯಲ್ಲಿದ್ದ ನಾನು ಅದನ್ನ ಗಮನಿಸಲೇ ಇಲ್ಲ.

ಆಪರೇಷನ್ ಆಗಿ, ಕರೆಂಟ್, ಅಂದರೆ ರೇಡಿಯೇಶನ್, ಕೊಡೋಕೆ ಶುರು ಮಾಡಿದ ಮೇಲೆ ಅಪ್ಪನ ಬಾಯಿ ಎರಡು ಬೆರಳು ಹೋಗುವಷ್ಟೂ ತೆರೆಯುತ್ತಿರಲಿಲ್ಲ. ಬಾಯ್ತುಂಬ ಹುಣ್ಣು. ಜೊಲ್ಲು ಒಣಗಿ ನಾಲಿಗೆ ಅಂಟಿಕೊಳ್ಳುತ್ತಿತ್ತು. ಮೂಗಿನ ಪೈಪಿನಲ್ಲಿ ಗಂಜಿ, ಹಾಲು. ಅರವತ್ತು ವರ್ಷ ಬಿಸಿ ರೊಟ್ಟಿ, ಪುಂಡಿಪಲ್ಯ ಉಂಡ ಮನುಷ್ಯನ ಕಿವಿಗೆ ಆ ಸಪ್ಪಳ ಬೀಳಬಾರದು ಅಂತ ಅವ್ವ ತನ್ನಷ್ಟಕ್ಕೆ ತಾನೇ ತೀರ್ಮಾನ ಮಾಡಿಬಿಟ್ಟಿದ್ದಳು. ಯಾರಿಗೂ ಹೇಳಲಿಲ್ಲ. ನಮಗೆಲ್ಲ ಅನ್ನ ಸಾರು ಮಾಡಿ ಹಾಕಿದಳು. ತಾನೂ ಅದನ್ನೇ ಉಂಡಳು. ಅದೂ ಅಡುಗೆಮನೆಯ ಮೂಲೆಯಲ್ಲಿ ನಿಂತುಕೊಂಡು, ಅಪ್ಪನಿಗೆ ಕಾಣದ ಹಾಗೆ.

ಇವತ್ತು ನಾನು ಬರೆಯಬೇಕಾಗಿರೋದು ಅವ್ವನ ಬಗ್ಗೆ. ಅವಳಂಥ ಸಾವಿರಾರು ಜನರ ಬಗ್ಗೆ.

ಕರೆಂಟ್ ವಾರಕ್ಕೆ ಐದು ದಿನ, ಆರು ವಾರ, ಒಟ್ಟು ಮೂವತ್ತು ಸಲ. ಆಸ್ಪತ್ರೆ ಇರೋದು ಹುಬ್ಬಳ್ಳಿಯಲ್ಲಿ, ಗದಗದಿಂದ ಹತ್ತಿರ ಹತ್ತಿರ ಅರವತ್ತು ಕಿಲೋಮೀಟರ್. ನನ್ನದು ಅಂಗಡಿ, ಸೋಮವಾರ ಮಾತ್ರ ಬಂದ್. ಹಾಗಾಗಿ ಉಳಿದ ದಿನ ಅವ್ವನೇ ಅಪ್ಪನ ಕೈ ಹಿಡಿದು ಬಸ್ ಹತ್ತಿದಳು. ಶಕ್ತಿ ಯೋಜನೆ ಅದೇ ವರ್ಷ ಜೂನ್‌ನಲ್ಲಿ ಶುರುವಾಗಿತ್ತು, ಅವಳ ಟಿಕೆಟ್ ಖರ್ಚು ಉಳಿಯಿತು. ಬಿಪಿಎಲ್ ಕಾರ್ಡ್ ಇತ್ತು, ಆಯುಷ್ಮಾನ್‌ನಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಆಗುತ್ತದೆ ಅಂದರು, ಆಯಿತು. ಇದಕ್ಕೆಲ್ಲ ನಾನು ನಿಜವಾಗಿ ಋಣಿ. ದುಡ್ಡಿಲ್ಲದೆ ಅರ್ಧಕ್ಕೆ ಬಿಟ್ಟುಹೋದವರನ್ನ ಅದೇ ಆಸ್ಪತ್ರೆಯ ಮೆಟ್ಟಿಲ ಮೇಲೆ ನೋಡಿದ್ದೇನೆ.

ಆದರೆ ಅಷ್ಟೂ ದಿನದಲ್ಲಿ ಅಲ್ಲಿ ಅವ್ವನಿಗೆ ಯಾರಾದರೂ ಹೇಳಿದ ಮಾತು ಅಂದರೆ ಒಂದೇ. "ಜೋಡಿ ಬಂದವರು ಹೊರಗ ಕೂಡ್ರಿ." ಅವರ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬೊಬ್ಬ ನರ್ಸಿಗೆ ಎಷ್ಟು ಪೇಷೆಂಟ್ ಅಂತ ಕಣ್ಣಾರೆ ನೋಡಿದ್ದೇನೆ. ಆದರೂ ನಿದ್ದೆ ಬರುತ್ತದಾ, ಊಟ ಮಾಡ್ತೀಯಾ, ನಿನಗೆ ಏನು ಭಯ ಅಂತ ಆ ಮೂವತ್ತು ದಿನದಲ್ಲಿ ಒಬ್ಬರು, ಒಂದು ಸಲ ಕೇಳಬಹುದಿತ್ತು.

ಕೇಳಿದವರು ಹೊರಗಿನ ಬೆಂಚಿನ ಹೆಣ್ಣುಮಕ್ಕಳು. ರಾಣೆಬೆನ್ನೂರು ಕಡೆಯ ಒಬ್ಬ ತಾಯಿ, ಮಗನ ಜೊತೆ ಬರುತ್ತಿದ್ದಳು. ಮಗನಿಗೆ ಇಪ್ಪತ್ತೆಂಟು ವರ್ಷ, ಅವನಿಗೂ ಬಾಯಿಯದೇ. ಹುಣ್ಣಿಗೆ ಉಪ್ಪು, ಅಡುಗೆ ಸೋಡಾ ಹಾಕಿದ ನೀರಿನಿಂದ ಬಾಯಿ ಮುಕ್ಕಳಿಸಬೇಕು ಅಂತ ಆಸ್ಪತ್ರೆಯಲ್ಲಿ ಹೇಳಿದ್ದು ಅವ್ವನಿಗೆ ಗಡಿಬಿಡಿಯಲ್ಲಿ ತಿಳಿದಿರಲಿಲ್ಲ. ಅದನ್ನ ತಿಳಿಸಿದ್ದು ಆಕೆ. "ರಾತ್ರಿ ಅಳು ಬಂದ್ರ ನಳ ಬಿಟ್ಟು ಅಳಬೇಕ್ರೀ, ಸಪ್ಪಳ ಕೇಳಂಗಿಲ್ಲ" ಅಂತ ಹೇಳಿಕೊಟ್ಟವಳೂ ಆಕೆಯೇ. ಅವ್ವ ಇದನ್ನ ನನಗೆ ಹೇಳಿದ್ದು ಎಲ್ಲ ಮುಗಿದ ಎಷ್ಟೋ ತಿಂಗಳಿಗೆ. ಕೇಳಿ ನಾನು ಆ ದಿನ ಅಂಗಡಿ ತೆಗೆಯಲಿಲ್ಲ.

ಇನ್ನು ಮನೆಗೆ ಬರುವವರು. ಜಡ್ಡಾದವರನ್ನ ನೋಡಲು ಹೋಗೋದಕ್ಕೆ ನಾವು "ಮಾತಾಡಿಸಿಕೊಂಡು ಬರೋದು" ಅನ್ನುತ್ತೇವೆ. ಎಷ್ಟು ಚಂದದ ಮಾತು ಅಲ್ವಾ? ಆದರೆ ಬಂದವರೇ ಮಾತಾಡಿ ಎದ್ದು ಹೋಗುತ್ತಾರೆ. ನಮ್ಮ ಮನೆಗೂ ಬಳಗ ಬಂತು, ಸೇಬು ಹಣ್ಣು ತಂದರು. ಬಾಯಿ ತೆರೆಯಲಾಗದವನ ಮುಂದೆ ಸೇಬಿನ ಚೀಲ. ಒಬ್ಬರು ತಮ್ಮ ಭಾವನಿಗೂ ಇದೇ ಆಗಿತ್ತು, ಮೂರೇ ತಿಂಗಳು ಅಂದರು. ಇನ್ನೊಬ್ಬರು ಗೋಮೂತ್ರ ಅಂದರು, ಮತ್ತೊಬ್ಬರು ಯಾವುದೋ ಬೇರಿನ ಹೆಸರು ಹೇಳಿದರು. ಮಕ್ಕಳನ್ನ ಹತ್ತಿರ ಬಿಡಬೇಡಿ ಅಂತ ಪಿಸುಗುಟ್ಟಿದವರೂ ಇದ್ದರು. ಕ್ಯಾನ್ಸರ್ ಅಂಟುವ ಜಡ್ಡಲ್ಲ. ಅಪ್ಪನ ತಟ್ಟೆ, ಲೋಟ, ಹಾಸಿಗೆ, ಉಸಿರು ಯಾವುದರಿಂದಲೂ ಯಾರಿಗೂ ಬರುವುದಿಲ್ಲ. ಮೊಮ್ಮಗಳು ತೊಡೆಯ ಮೇಲೆ ಕೂತ ಆ ಅರ್ಧ ಗಂಟೆಯಲ್ಲೇ ಅಪ್ಪನ ಮುಖ ಸ್ವಲ್ಪ ಬಿಚ್ಚಿಕೊಳ್ಳುತ್ತಿತ್ತು.

ತುಂಬಾ ಜನ ಹೇಳಿದ್ದು "ಗುಟ್ಕಾ ತಿನ್ನಬ್ಯಾಡ ಅಂತ ಆಗ ಹೇಳಿದ್ವಿ" ಅಂತ. ಹೌದು, ಅಪ್ಪ ತಿನ್ನುತ್ತಿದ್ದ. ಗುಟ್ಕಾದಿಂದ ಬಾಯಿ ಕ್ಯಾನ್ಸರ್ ಬರುತ್ತದೆ, ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ. ಇದನ್ನ ಶಾಲೆಯಲ್ಲಿ ಹೇಳಿ, ಬಸ್ ಸ್ಟ್ಯಾಂಡಿನಲ್ಲಿ ಹೇಳಿ, ನಾನೂ ಜೊತೆಗೆ ಬಂದು ಹೇಳುತ್ತೇನೆ. ಹಾಸಿಗೆ ಹಿಡಿದವನ ಹೆಂಡತಿಯ ಮುಂದೆ ಮಾತ್ರ ಹೇಳಬೇಡಿ. ನಾನೇ ಗಟ್ಟಿಯಾಗಿ ಬಿಡಿಸಬೇಕಿತ್ತು ಅಂತ ಆಕೆ ಆಗಲೇ ರಾತ್ರಿಯಿಡೀ ತನ್ನನ್ನ ತಾನೇ ಹಳಿದುಕೊಂಡಿರುತ್ತಾಳೆ.

ನಾವು ಮಾಡಿದ ತಪ್ಪನ್ನೂ ಹೇಳಬೇಕು. ಅಪ್ಪನಿಗೆ ಕ್ಯಾನ್ಸರ್ ಅಂತ ನಾವು ಹೇಳಲಿಲ್ಲ. "ಹುಣ್ಣು ಐತಿ, ಕರೆಂಟ್ ಕೊಟ್ರ ಹೋಗ್ತೈತಿ" ಅಂದೆವು. ಡಾಕ್ಟರ್ ಹತ್ತಿರ ಒಳಗೆ ಹೋಗುವ ಮೊದಲು "ಅವರ ಮುಂದ ಹೆಸರು ಹೇಳಬ್ಯಾಡ್ರಿ ಸರ್" ಅಂತ ಕೈಮುಗಿದವನು ನಾನೇ. ಅಪ್ಪ ಮಾತಾಡುವಂತಿರಲಿಲ್ಲ, ಏನು ಬೇಕಿದ್ದರೂ ನನ್ನ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತಿದ್ದ. ನೀರು, ಫ್ಯಾನ್, ದಿಂಬು, ಹೀಗೆ. ಒಂದು ಸಂಜೆ ನನ್ನನ್ನ ಕರೆದು ಒಂದು ಪುಟ ಮುಂದೆ ಹಿಡಿದ. "ನಾ ಇಪ್ಪತ್ತು ವರ್ಷ ಹುಬ್ಬಳ್ಳಿ ಗಾಡಿ ಕಂಡಕ್ಟರ್. ನವನಗರ ಕ್ಯಾನ್ಸರ್ ದವಾಖಾನಿಗೆ ಎಲ್ಲಿ ಇಳೀಬೇಕ್ರಿ ಅಂತ ಕೇಳಿದ ಎಷ್ಟೋ ಮಂದಿಗೆ ಟಿಕೆಟ್ ಹರಿದೀನಿ. ನನಗ ಗೊತ್ತಾಗೂದಿಲ್ಲೇನು? ನಿಮ್ಮವ್ವ ಅಳ್ತಾಳಂತ ಸುಮ್ಕ ಇದ್ದೀನಿ."

ಅಂದರೆ ಅವ್ವ ಅಪ್ಪನಿಗಾಗಿ ಸುಮ್ಮನಿದ್ದಳು, ಅಪ್ಪ ಅವ್ವನಿಗಾಗಿ ಸುಮ್ಮನಿದ್ದ. ಒಂದೇ ಕೋಣೆಯಲ್ಲಿ ಮಲಗಿ ಇಬ್ಬರೂ ಒಬ್ಬೊಬ್ಬರೇ ಹೆದರುತ್ತಿದ್ದರು. ಆ ಬೀಗ ಹಾಕಿದವನು ನಾನು. ರೋಗಿ ಕೇಳಿದರೆ ನಿಜ ಹೇಳಬೇಕು. ಎಷ್ಟು ಕೇಳುವ ಮನಸ್ಸಿದೆಯೋ ಅಷ್ಟು, ನಿಧಾನವಾಗಿ. ಇದನ್ನ ಹೇಗೆ ಮಾಡಬೇಕು ಅಂತ ಮನೆಯವರಿಗೆ ಕಲಿಸುವ ಒಬ್ಬ ಮನುಷ್ಯ ಪ್ರತಿ ಕ್ಯಾನ್ಸರ್ ವಾರ್ಡಿನಲ್ಲಿ ಇರಬೇಕು. ಒಂದು ಸಣ್ಣ ಕೋಣೆ, ಎರಡು ಕುರ್ಚಿ, ಬಾಗಿಲು ಹಾಕಿಕೊಳ್ಳುವಂತಿದ್ದರೆ ಸಾಕು.

ಪಕ್ಕದ ಕೇರಳದಲ್ಲಿ 1993ರಲ್ಲಿ ಕೋಝಿಕ್ಕೋಡ್‌ನಲ್ಲಿ ನೋವು ಕಡಿಮೆ ಮಾಡುವ, ಆರೈಕೆ ಮಾಡುವ ಒಂದು ಸಂಘ ಶುರುವಾಯಿತು. ಆಮೇಲೆ ಅದು ಊರೂರಿಗೆ ಹಬ್ಬಿತು. ಓಣಿಯ ಸಾಮಾನ್ಯ ಜನರೇ ತರಬೇತಿ ತೆಗೆದುಕೊಂಡು ರೋಗಿಯ ಮನೆಗೆ ಹೋಗಿ ಕೂರುತ್ತಾರೆ. ಮನೆಯವರ ಕಷ್ಟವನ್ನೂ ಕೇಳುತ್ತಾರೆ. 2008ರಲ್ಲಿ ಸರ್ಕಾರ ಅದಕ್ಕೊಂದು ನೀತಿಯನ್ನೇ ಮಾಡಿತು. ನಮ್ಮಲ್ಲಿ ಓಣಿಗೊಂದು ಭಜನಾ ಮಂಡಳಿ ಇದೆ, ಸ್ತ್ರೀಶಕ್ತಿ ಸಂಘ ಇದೆ, ಹತ್ತಿರದಲ್ಲೇ ಒಂದು ಮಠ ಇದೆ. ನಮ್ಮಿಂದ ಯಾಕೆ ಆಗಬಾರದು?

ಅಲ್ಲಿಯವರೆಗೆ ಈಗ ಇರುವುದನ್ನಾದರೂ ಬಳಸಿಕೊಳ್ಳಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ರೋಗಿಯನ್ನ ನೋಡಿಕೊಳ್ಳುವವರೂ ಮಾಡಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಅಂತ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಇದೆ. ಅದನ್ನ ಹುಚ್ಚರ ದವಾಖಾನೆ ಅಂತ ದೂರ ಇಡಬೇಡಿ. ತಿಂಗಳುಗಟ್ಟಲೆ ನಿದ್ದೆ ಇಲ್ಲದ ಹೆಂಗಸು ಅಲ್ಲಿಗೆ ಹೋಗೋದರಲ್ಲಿ ನಾಚಿಕೆ ಏನಿದೆ? ಚಿಕಿತ್ಸೆಗೆ ರೈಲಿನಲ್ಲಿ ಹೋಗುವವರು ಆಸ್ಪತ್ರೆಯಿಂದ ಪತ್ರ ಬರೆಸಿಕೊಳ್ಳಿ, ಸ್ಲೀಪರ್‌ನಲ್ಲಿ ರೋಗಿಗೆ ಪೂರ್ತಿ, ಜೊತೆಗಿರುವವರಿಗೆ ನೂರಕ್ಕೆ 75 ರಿಯಾಯಿತಿ ಇದೆ. ಜೊತೆಗೊಬ್ಬರು ಇರಲೇಬೇಕು ಅಂತ ರೈಲಿನವರಿಗೂ ಗೊತ್ತಿದೆ.

ನಮ್ಮ ಮನೆಯಲ್ಲಿ ರೊಟ್ಟಿ ನಿಂತದ್ದನ್ನ ಗಮನಿಸಿದ್ದು ಹಿಂದಿನ ಓಣಿಯ ಒಬ್ಬ ಅಕ್ಕ. ಗೋಡೆಗೆ ಗೋಡೆ ಹತ್ತಿದ ಮನೆ, ಆಕೆಗೆ ಸಪ್ಪಳ ಕೇಳದೇ ಇದ್ದದ್ದು ಗೊತ್ತಾಗಿದೆ. ಒಂದು ಮಧ್ಯಾಹ್ನ ಬಂದು ಅಪ್ಪನ ಹತ್ತಿರ ನನ್ನ ಮಗಳನ್ನ ಕೂರಿಸಿ, "ಬಾ ಯಕ್ಕಾ, ಹತ್ತು ನಿಮಿಷ" ಅಂತ ಅವ್ವನ ಕೈ ಹಿಡಿದು ಕರೆದುಕೊಂಡು ಹೋದಳು. ತನ್ನ ಅಡುಗೆಮನೆಯಲ್ಲಿ ಮಣೆ ಹಾಕಿ ಕೂರಿಸಿ, ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಬೆಣ್ಣೆ ಬಡಿಸಿದಳು. ಅವ್ವ ಮೊದಲ ತುತ್ತು ಬಾಯಿಗಿಟ್ಟು ಅತ್ತಳಂತೆ. ಆಕೆ ಅಳಬ್ಯಾಡ ಅನ್ನಲಿಲ್ಲ, ಧೈರ್ಯ ತಗೋ ಅನ್ನಲಿಲ್ಲ. ಇನ್ನೊಂದು ರೊಟ್ಟಿ ಹಂಚಿನಿಂದ ತೆಗೆದು ಹಾಕಿದಳಂತೆ. ಆಮೇಲೆ ಅಪ್ಪ ಹೋಗುವವರೆಗೂ ವಾರಕ್ಕೆರಡು ದಿನ ಆ ಊಟ ತಪ್ಪಲಿಲ್ಲ. "ಆಕಿ ಇಲ್ಲಂದಿದ್ರ ನಾನೂ ಉಳೀತಿರಲಿಲ್ಲಪ್ಪಾ" ಅಂತ ಅವ್ವ ಈಗಲೂ ಅನ್ನುತ್ತಾಳೆ.

ಅಪ್ಪ ಹೋಗಿ ವರ್ಷ ದಾಟಿತು. ಗದಗ ಬೆಟಗೇರಿಯಲ್ಲಿ ಯಾರ ಮನೆಯಲ್ಲಾದರೂ ಈಗ ಇದು ಶುರುವಾಗಿದ್ದರೆ ನನಗೆ ಮೆಸೇಜ್ ಮಾಡಿ. ಸೋಮವಾರ ನನ್ನ ಅಂಗಡಿ ಬಂದ್ ಇರುತ್ತದೆ. ಬೆಳಗಿನ ಹುಬ್ಬಳ್ಳಿ ಬಸ್ಸಿಗೆ ನಾನೂ ಬರುತ್ತೇನೆ, ಹೊರಗಿನ ಬೆಂಚಿನ ಮೇಲೆ ನಿಮ್ಮ ಜೊತೆ ಕೂರುತ್ತೇನೆ. ಅವ್ವ ರೊಟ್ಟಿ ಕಟ್ಟಿಕೊಡುತ್ತೇನೆ ಅಂದಿದ್ದಾಳೆ.