ಪ್ರಿಂಟ್ ಹಾಕಿ, ಸಹಿ ಮಾಡಿ, ಮತ್ತೆ ಸ್ಕ್ಯಾನ್ ಮಾಡಿ

ಈಗಷ್ಟೇ ಆಫೀಸಿನಿಂದ ಬಂದೆ. ಬೆರಳಿಗೆಲ್ಲ ಸ್ಟೇಪ್ಲರ್ ಪಿನ್ ಚುಚ್ಚಿದ ಗುರುತು. ಯಾಕೆ ಅಂದ್ರೆ, ಇವತ್ತು ನಾವು ಇ-ಫೈಲಿಂಗ್ ಮಾಡಿದೆವು, ಅಂದ್ರೆ ಕೋರ್ಟಿಗೆ ಆನ್‌ಲೈನಿನಲ್ಲೇ ಕಡತ ಸಲ್ಲಿಸಿದೆವು.

ಕಮರ್ಷಿಯಲ್ ದಾವೆ. ಪ್ರತಿವಾದಿ ಪರ ರಿಟನ್ ಸ್ಟೇಟ್‌ಮೆಂಟ್, ಅಂದ್ರೆ ದಾವೆಗೆ ಲಿಖಿತ ಉತ್ತರ, ಹಾಕಬೇಕಿತ್ತು, 64 ಪುಟ. ಸಮನ್ಸ್ ತಲುಪಿ ಇವತ್ತಿಗೆ 118 ದಿನ. 120 ದಾಟಿದರೆ ಹಾಕುವ ಹಕ್ಕೇ ಹೋಯಿತು, ಜಡ್ಜ್ ಮನಸ್ಸು ಮಾಡಿದರೂ ಉಳಿಸಲಾರರು. (ಇಷ್ಟು ದಿನ ಏನು ಮಾಡ್ತಿದ್ರಿ ಅಂತ ಕೇಳಬೇಡಿ. ಕಕ್ಷಿದಾರರನ್ನು ಕೇಳಿ.)

ನಮ್ಮ ಜೂನಿಯರ್ ಹುಡುಗ ಅಷ್ಟನ್ನೂ ಕಂಪ್ಯೂಟರಿನಲ್ಲೇ ಟೈಪ್ ಮಾಡಿದ್ದ. ನಾನು ಅದರಲ್ಲೇ ತಿದ್ದಿದ್ದೆ. ಒಂದು ಗುಂಡಿ ಒತ್ತಿದ್ದರೆ ಪಿಡಿಎಫ್ ರೆಡಿ. ಯಾವ ಪದ ಹುಡುಕಿದರೂ ಸಿಗುವ, ಒಂದು ಎಂಬಿಯೂ ಇಲ್ಲದ ಚೆಂದದ ಪಿಡಿಎಫ್. ಆದರೆ ಪುಟಪುಟಕ್ಕೂ ಕಕ್ಷಿದಾರರ ಪೆನ್ನಿನ ಸಹಿ ಬೇಕಲ್ಲ? ಹಾಗಾಗಿ ಪ್ರಿಂಟ್. ಸಹಿ. ಸ್ಕ್ಯಾನ್. ಫೈಲು 38 ಎಂಬಿ ಆಯಿತು, ಪೋರ್ಟಲ್ ಒಪ್ಪಲಿಲ್ಲ. ಕುಗ್ಗಿಸಿದೆವು. ಅಕ್ಷರಗಳೆಲ್ಲ ಇರುವೆ ಸಾಲಿನ ಹಾಗೆ ಕಂಡವು. ಅಪ್‌ಲೋಡ್ ಮಾಡಿ ಎರಡು ಗಂಟೆ ಕಳೆದ ಮೇಲೆ ಆಬ್ಜೆಕ್ಷನ್ ಬಂತು: ಓಸಿಆರ್ (ಸ್ಕ್ಯಾನ್ ಚಿತ್ರದಲ್ಲಿರುವ ಅಕ್ಷರಗಳನ್ನು ಕಂಪ್ಯೂಟರ್ ಓದುವ ಹಾಗೆ ಮಾಡೋದು) ಆಗಿಲ್ಲ, ಪದ ಹುಡುಕಲು ಆಗುತ್ತಿಲ್ಲ, ಸರಿಪಡಿಸಿ.

ಬದುಕಿದ್ದವನನ್ನು ಕೊಂದು, ಆಮೇಲೆ ನಾಡಿ ಸಿಗ್ತಿಲ್ಲ ಅಂತ ಬೈದ ಹಾಗೆ!

ಸರಿಪಡಿಸಿದೆವು. ಒಪ್ಪಿಗೆ ಸಿಕ್ಕಿತು. ಜೊತೆಗೇ ಇನ್ನೊಂದು ಸಾಲು: ಹಾರ್ಡ್ ಕಾಪಿ ಕೌಂಟರಿಗೆ ತಂದುಕೊಡಿ. ಸ್ಟೇಪ್ಲರ್ ಕೈಗೆ ಬಂದದ್ದು ಆವಾಗ.

ಸುಪ್ರೀಂ ಕೋರ್ಟಿನಲ್ಲಿ ಇ-ಫೈಲಿಂಗ್ ಶುರುವಾದದ್ದು 2006ರಲ್ಲಿ. ಅದಕ್ಕೂ ಮೊದಲೇ, 2000ದ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 5ನೇ ಸೆಕ್ಷನ್ ಡಿಜಿಟಲ್ ಸಹಿಗೆ ಪೆನ್ನಿನ ಸಹಿಯಷ್ಟೇ ಬೆಲೆ ಕೊಟ್ಟಿದೆ. ಕಾನೂನು ಒಪ್ಪಿ ಇಷ್ಟು ವರ್ಷವಾದರೂ ನಮ್ಮ ಕೈ ಒಪ್ಪಿಲ್ಲ. ಇ-ಫೈಲಿಂಗ್ ನಿಯಮ ತೆರೆದು ನೋಡಿ: ಎ4 ಅಳತೆ, 14ರ ಅಕ್ಷರ, ಒಂದೂವರೆ ಸಾಲಿನ ಅಂತರ, 300 ಡಿಪಿಐ ಸ್ಕ್ಯಾನ್, ಎಡಗಡೆ ದೊಡ್ಡ ಮಾರ್ಜಿನ್. ಆ ಮಾರ್ಜಿನ್ ಯಾಕೆ ಗೊತ್ತಾ? ಕಡತಕ್ಕೆ ತೂತು ಹೊಡೆದು ದಾರ ಪೋಣಿಸೋದಕ್ಕೆ ಬಿಡುತ್ತಿದ್ದ ಜಾಗ ಅದು. ಪಿಡಿಎಫ್‌ಗೆ ಯಾರಪ್ಪ ದಾರ ಹಾಕ್ತಾರೆ?

ಪಿಡಿಎಫ್ ಅಂದ್ರೆ ಕಾಗದದ ಫೋಟೊ ಅಂತಲೇ ತಿಳಿದಿದ್ದೇವೆ. ಈ ವಿಷಯದಲ್ಲಿ ಅಮೆರಿಕದವರೂ ಕಮ್ಮಿಯಿಲ್ಲ. 2019ರ ಜನವರಿಯಲ್ಲಿ, ಟ್ರಂಪ್ ಚುನಾವಣಾ ಪ್ರಚಾರ ನಡೆಸಿದ್ದ ಪಾಲ್ ಮ್ಯಾನಫೋರ್ಟ್ ಅವರ ವಕೀಲರು ಗುಟ್ಟಿನ ಸಾಲುಗಳ ಮೇಲೆ ಕಪ್ಪು ಪಟ್ಟಿ ಎಳೆದು ಕೋರ್ಟಿಗೆ ಸಲ್ಲಿಸಿದರು. ಪತ್ರಕರ್ತರು ಆ ಪಟ್ಟಿಯನ್ನು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದರು, ಅಡಿಯಲ್ಲಿದ್ದದ್ದೆಲ್ಲ ಹೊರಗೆ ಬಂತು. ಅಲ್ಲಿ ಅಳಿಯಬೇಕಾದ ಅಕ್ಷರ ಉಳಿಯಿತು. ಇಲ್ಲಿ ಉಳಿಯಬೇಕಾದ್ದನ್ನು ನಾವೇ ಕೈಯಾರೆ ಅಳಿಸ್ತೀವಿ.

ಕನ್ನಡದ ದಾಖಲೆಗಳ ಪಾಡಂತೂ ಕೇಳಲೇಬೇಡಿ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಕಣ್ಣಿಗೆ ಕನ್ನಡ. ಕಾಪಿ ಮಾಡಿ ಅಂಟಿಸಿದರೆ ಕೊಂಬು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು. 'ಕ್ರಯಪತ್ರ' ಅಂತ ಹುಡುಕಿದರೆ ಸೊನ್ನೆ. ಕ್ರಯಪತ್ರ ಕಣ್ಣೆದುರೇ ಕೂತಿರುತ್ತದೆ!

ಇನ್ನೊಂದು ತಮಾಷೆ ಇದೆ. ಕೋರ್ಟುಗಳನ್ನು ಕಂಪ್ಯೂಟರಿಗೆ ತರುವ ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ ಕೇಂದ್ರ ಸಂಪುಟ 2023ರಲ್ಲಿ 7,210 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ 2,038 ಕೋಟಿ ಕಡತಗಳನ್ನು ಸ್ಕ್ಯಾನ್ ಮಾಡಿ ಕಾಪಾಡೋದಕ್ಕೆ. ಒಳ್ಳೆಯದೇ. ಆದರೆ ಆ ಕಡೆಯಿಂದ ಅವರು ಕಾಗದ ಕರಗಿಸುತ್ತಾ ಬಂದರೆ, ಈ ಕಡೆಯಿಂದ ನಾವು ದಿನಾ ಹೊಸ ಕಟ್ಟು ತಂದು ಪೇರಿಸ್ತಾ ಇದ್ದೇವೆ.

ಇಲ್ಲಿ ಕಾಮೆಂಟ್ ಹಾಕಲು ಹಿರಿಯರೊಬ್ಬರು ಈಗಾಗಲೇ ಸಜ್ಜಾಗಿರುತ್ತಾರೆ, ಗೊತ್ತು ಸರ್. "ಮೂಲ ದಾಖಲೆ ನೋಡದೆ ನಂಬೋದು ಹೇಗಮ್ಮ? ಊರೂರಲ್ಲಿ ನೆಟ್‌ವರ್ಕ್ ಎಲ್ಲಿದೆ?" ಒಪ್ಪಿದೆ. ಕ್ರಯಪತ್ರ, ವಿಲ್ಲು ಮೂಲವೇ ಬೇಕು, ನೋಡಿ. ನೆಟ್‌ವರ್ಕ್ ಇಲ್ಲದವರಿಂದ ಕಾಗದದಲ್ಲೇ ತೆಗೆದುಕೊಳ್ಳಿ. ನಾನು ಕೇಳ್ತಿರೋದು ನಾನೇ ಟೈಪ್ ಮಾಡಿದ 64 ಪುಟದ ಬಗ್ಗೆ. ಅದರ ಮೂಲ ಇರೋದೇ ಕಂಪ್ಯೂಟರಿನಲ್ಲಿ! ಕಾಗದವೇ ಅದರ ನಕಲು.

ಒಂದು ತಪ್ಪೊಪ್ಪಿಗೆ. 2020ರಲ್ಲಿ, ಕೋರ್ಟ್ ಬಾಗಿಲು ಹಾಕಿದ್ದಾಗ, ಇ-ಫೈಲಿಂಗ್ ಬೇಡವೇ ಬೇಡ ಅಂತ ಇದೇ ಗೋಡೆಯ ಮೇಲೆ ಉದ್ದಕ್ಕೆ ಬರೆದವಳು ನಾನೇ. ಹುಡುಕಿ ತೆಗೆಯಬೇಡಿ ಪ್ಲೀಸ್. ಆವಾಗ ಹೆದರಿಕೆ ಇತ್ತು. ಓಟಿಪಿ ಬಂದರೆ ಕೈ ನಡುಗುತ್ತಿತ್ತು. ಇಪ್ಪತ್ತು ವರ್ಷ ಕಲಿತದ್ದನ್ನೆಲ್ಲ ಒಂದು ಪೋರ್ಟಲ್ ಕಿತ್ತುಕೊಳ್ಳುತ್ತದೆ ಅನ್ನಿಸಿತ್ತು. ಈಗಲೂ ವಾದಕ್ಕೆ ಓದೋದು ಪ್ರಿಂಟ್ ತೆಗೆದೇ, ಕೆಂಪು ಪೆನ್ನು ಹಿಡಿದೇ. ಅದು ನನ್ನ ಚಟ. ನನ್ನ ಚಟವನ್ನು ನಿಯಮ ಮಾಡಿ ಅಂತ ನಾನು ಯಾರನ್ನೂ ಕೇಳಿಲ್ಲ, ಅಲ್ವಾ?

ಇದನ್ನು ಟೈಪ್ ಮಾಡ್ತಿರುವಾಗಲೇ ಹುಡುಗನ ಮೆಸೇಜ್ ಬಂತು. "ಮೇಡಂ, ಹಾರ್ಡ್ ಕಾಪಿಯಲ್ಲಿ 31ನೇ ಪುಟ ಇಲ್ಲ." ಅಪ್‌ಲೋಡ್ ಮಾಡಿದ ಪಿಡಿಎಫ್‌ನಿಂದ ಪ್ರಿಂಟ್ ತೆಗೆದು ಸೇರಿಸು ಅಂದೆ. "ಅದರಲ್ಲಿರೋ ಸಹಿ ಇಂಕಿನದ್ದಲ್ಲ ಮೇಡಂ, ಕೌಂಟರಿನಲ್ಲಿ ತಗೊಳ್ಳಲ್ಲ."

ನಾಳೆ 119. ಕಕ್ಷಿದಾರರು ಫೋನ್ ಎತ್ತುತ್ತಿಲ್ಲ.