ಪರ-ವಿರೋಧ: ನಗೆಚಿತ್ರದಲ್ಲಿ ಪಾತ್ರವನ್ನು ತೋರಿಸುವುದು ಮೈಯೋ ಮಾತೋ?

ಪರ: ಮೊದಲು ಕಾಲು ನೋಡಿ

ಸಂಭಾಷಣೆಯನ್ನು ಯಾರಾದರೂ ಬರೆದುಕೊಡಬಹುದು. ನಡಿಗೆಯನ್ನು ನಟನೇ ತರಬೇಕು. ‘ಮಾಡರ್ನ್ ಟೈಮ್ಸ್’ (1936) ಬರುವ ಹೊತ್ತಿಗೆ ಟಾಕಿ ಹಳತಾಗಿತ್ತು. ಆದರೂ ಚಾಪ್ಲಿನ್ ತನ್ನ ಅಲೆಮಾರಿಗೆ ಸಂಭಾಷಣೆ ಕೊಡಲಿಲ್ಲ. ನಟ್ಟು ಬಿಗಿಯುವ ಕೆಲಸ ನಿಂತರೂ ಅವನ ಕೈಗಳು ತಿರುಗುತ್ತಲೇ ಇರುತ್ತವೆ. ಹೆಂಗಸಿನ ಉಡುಪಿನ ಗುಂಡಿಯೂ ಅವನಿಗೆ ನಟ್ಟೇ. ಕಾರ್ಖಾನೆ ಮನುಷ್ಯನನ್ನು ಏನು ಮಾಡಿದೆ ಎಂದು ತಿಳಿಯಲು ಇನ್ನು ಭಾಷಣ ಬೇಕೇ?

ಅಲುಗದೆ ನಿಲ್ಲುವುದನ್ನೂ ನಾನು ಇದೇ ಲೆಕ್ಕಕ್ಕೆ ಸೇರಿಸುತ್ತೇನೆ. ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ (1928) ಚಿತ್ರದಲ್ಲಿ ಮನೆಯ ಮುಂಗೋಡೆ ಇಡಿಯಾಗಿ ಬಸ್ಟರ್ ಕೀಟನ್ ಮೇಲೆ ಬೀಳುತ್ತದೆ. ಕಿಟಕಿಯ ತೆರಪು ಬೀಳುವಲ್ಲಿ ನಿಂತಿದ್ದರಿಂದ ಬದುಕುತ್ತಾನೆ. ಬೇರೆಯವರಾದರೆ ಕಿರುಚಿ ನಗಿಸುತ್ತಿದ್ದರು. ಈತನ ನಿಲುವಿನಲ್ಲಿ ಇರುವುದು ಪೆದ್ದ ಗಾಂಭೀರ್ಯ, ಪಾತ್ರವೆಲ್ಲ ಅದೇ.

ನಮ್ಮ ಮುಂಬಯಿಯದೇ ಕಥೆಯಾದ ‘ಗೋಲ್‌ಮಾಲ್’ (1979) ನೋಡಿ. ಯಜಮಾನನನ್ನು ನಂಬಿಸಲು ಒಬ್ಬನೇ ನೌಕರ ಇಬ್ಬರು ಅಣ್ಣತಮ್ಮಂದಿರಾಗಿ ನಟಿಸುತ್ತಾನೆ. ಮೀಸೆಯಿದ್ದರೆ ರಾಮಪ್ರಸಾದ, ಇಲ್ಲದಿದ್ದರೆ ಲಕ್ಷ್ಮಣಪ್ರಸಾದ ಎನ್ನುತ್ತಾರೆ. ಮೀಸೆಯನ್ನು ಮರೆತು ಅಮೋಲ್ ಪಾಲೇಕರ್ ಅವರ ಭುಜ ನೋಡಿ: ಒಬ್ಬ ಯಜಮಾನನ ಮುಂದೆ ಮುದುಡುವವನು, ಇನ್ನೊಬ್ಬ ಮೈ ಸಡಿಲ ಬಿಟ್ಟವನು. ಯಕ್ಷಗಾನದ ಹಾಸ್ಯಗಾರ ರಂಗಕ್ಕೆ ಹೆಜ್ಜೆಯಿಟ್ಟೊಡನೆ ಆ ಪಾತ್ರದ ಬುದ್ಧಿ ಎಷ್ಟೆಂದು ಅಳೆಯಬಲ್ಲ ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿ ಬಂದದ್ದೇ ವಿಚಿತ್ರ. ಮಾತೇ ಎಲ್ಲ ಎನ್ನುವವರು ರೇಡಿಯೊ ಕೇಳಲಿ.

ವಿರೋಧ: ಕಿವಿಗೂ ಕೆಲಸವಿದೆ

ಈ ಪಕ್ಷವನ್ನು ಸಂಪಾದಕರು ನನಗೆ ಹೊರಿಸಿದರು. ಅರ್ಧ ಮನಸ್ಸಿನಿಂದಲೇ ಹೊತ್ತಿದ್ದೇನೆ. ಚಾಪ್ಲಿನ್ ವಿಷಯ ಬಿಡೋಣ, ಅದು ಹಳೆಯ ಕಾಲ. ಜಾರುವುದು ಬೀಳುವುದೇ ಪಾತ್ರಚಿತ್ರಣವಾದರೆ ಮಳೆಗಾಲದ ದಾದರ್ ನಿಲ್ದಾಣದ ಮೆಟ್ಟಿಲುಗಳಿಗಿಂತ ದೊಡ್ಡ ನಿರ್ದೇಶಕರಿಲ್ಲ. ‘ಪುಷ್ಪಕ ವಿಮಾನ’ದಲ್ಲಿ (1987) ಸಂಭಾಷಣೆಯಿಲ್ಲ, ನಿಜ. ಆದರೆ ಐಷಾರಾಮಿ ಹೋಟೆಲಿನ ಹಾಸಿಗೆಯಲ್ಲಿ ಕಮಲಹಾಸನ್ ಪಾತ್ರಕ್ಕೆ ನಿದ್ದೆ ಹತ್ತುವುದು ತನ್ನ ಹಳೆಯ ಕೋಣೆಯ ಬಳಿಯ ಟಾಕೀಸಿನ ಗದ್ದಲವನ್ನು ಧ್ವನಿಮುದ್ರಿಸಿ ತಂದ ಮೇಲೆಯೇ. ಅಲ್ಲಿ ಕೈಕಾಲಿಗಿಂತ ಕ್ಯಾಸೆಟ್ಟೇ ಹೆಚ್ಚು ಹೇಳುತ್ತದೆ.

ಡೊಂಬಿವಲಿಯ ನಮ್ಮ ಮನೆಯಲ್ಲಿ ಟಿ.ವಿ. ಹೊರಗಿನ ಕೋಣೆಯಲ್ಲಿತ್ತು, ಅಮ್ಮ ಅಡುಗೆಮನೆಯಲ್ಲಿರುತ್ತಿದ್ದರು. ಸಿನಿಮಾಗಳನ್ನು ಅವರು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ‘ಗೋಲ್‌ಮಾಲ್’ನ ಯಜಮಾನನಾಗಿ ಉತ್ಪಲ್ ದತ್ ಗದರಿದರೆ ಸೌಟು ಹಿಡಿದೇ ನಗುತ್ತಿದ್ದರು. “ಬಂದು ನೋಡಬಾರದೇ?” ಎಂದು ಅಪ್ಪ ಕೇಳಿದರೆ, “ನೋಡುವುದೇನು? ಮೋಸಹೋಗುವ ಆಸಾಮಿ ಎಂದು ಧ್ವನಿಯೇ ಹೇಳುತ್ತದಲ್ಲ” ಎನ್ನುತ್ತಿದ್ದರು. ಒಗ್ಗರಣೆಯ ಸದ್ದಿಗೆ ಒಂದು ಮಾತು ತಪ್ಪಿದರೂ ನಮ್ಮಿಂದ ಮತ್ತೆ ಹೇಳಿಸಿಕೊಳ್ಳುತ್ತಿದ್ದರು. ಮಾತೇ ಇಲ್ಲದೆ ನಾವೆಲ್ಲ ಒಟ್ಟಿಗೆ ನಕ್ಕಾಗ ಮಾತ್ರ ಬಾಗಿಲಿಗೆ ಬಂದು ಕೇಳುತ್ತಿದ್ದರು: “ಈಗ ಯಾರು ಬಿದ್ದರು?”